ನಾಲಿಗೆ ಕಚ್ಚುವ ಮಣ್ಣು

ಈರಕ್ಕ ಮಣ್ಣನ್ನು ಕಣ್ಣಿಂದ ನೋಡುತ್ತಿರಲಿಲ್ಲ, ನಾಲಿಗೆಯಿಂದ ನೋಡುತ್ತಿದ್ದಳು. ಹೊಸದುರ್ಗದಿಂದ ಮೂಡಲಿಗೆ ಎರಡು ಹರಿದಾರಿ, ವೇದಾವತಿಯ ದಂಡೆಯ ಮೇಲಿದ್ದ ನಮ್ಮ ಉಪ್ಪಾರರ ಹಟ್ಟಿಯಲ್ಲಿ ಅಂಥ ನಾಲಿಗೆ ಇನ್ನೊಂದಿರಲಿಲ್ಲ. ಆಕೆ ನನ್ನ ಅಜ್ಜಿಯ ಒಡಹುಟ್ಟಿದ ಅಕ್ಕ. ನಮ್ಮವಳೆಂದು ಹೊಗಳುತ್ತಾನೆ ಅಂದುಕೊಳ್ಳುವವರು ಅಂದುಕೊಳ್ಳಲಿ, ಇದ್ದದ್ದನ್ನು ಹೇಳಲು ನನಗೇನು ನಾಚಿಕೆ?

ಮಳೆ ಹಿಂದಾಗಿ ಚಳಿ ಬಿದ್ದ ಮೇಲೆ ಹೊಳೆದಂಡೆಯ ಸವುಳು ನೆಲ ಬೆಳಗಿನ ಜಾವ ಬೆಳ್ಳಗೆ ಅರಳುತ್ತದೆ. ಯಾರೋ ಬೆಳದಿಂಗಳನ್ನು ಹಾಸಿ, ಮಡಿಚಿಡಲು ಮರೆತು ಹೋದ ಹಾಗೆ. ಈರಕ್ಕ ಆ ಬಿಳುಪಿನ ಮೇಲೆ ಬರಿಗಾಲಲ್ಲಿ ನಡೆಯುತ್ತ ಚಿಟಿಕೆ ಚಿಟಿಕೆ ಮಣ್ಣನ್ನು ನಾಲಿಗೆಗಿಟ್ಟುಕೊಳ್ಳುವಳು. ಉಪ್ಪೆನಿಸಿದರೆ ಅಲ್ಲಿ ಕಾಲಿಂದ ಗೀರು ಎಳೆಯುವಳು. ಗಂಡ ಬೋರಪ್ಪ ಹಿಂದೆ ಬಂದು ಅದನ್ನು ಕೆರೆದು ಬುಟ್ಟಿಗೆ ತುಂಬುವನು. ಆ ಮಣ್ಣನ್ನು ಗುಂಡಿಗೆ ಹಾಕಿ, ನೀರು ಬಸಿದು, ಬಿಸಿಲಿಗಿಟ್ಟರೆ ಉಪ್ಪು. ಇನ್ನೊಂದು ಜಾತಿಯ ಮಣ್ಣಿತ್ತು. ಅದು ಉಪ್ಪಲ್ಲ, ಸಪ್ಪೆಯಲ್ಲ, ನಾಲಿಗೆ ಕಚ್ಚುತ್ತಿತ್ತು. ಒಂದು ಬೊಗಸೆ ಬಿದ್ದರೂ ಗುಂಡಿಯೇ ಕೆಟ್ಟಿತೆಂದು ತಾಯಿ ಎಳವೆಯಲ್ಲೇ ಹೇಳಿದ್ದಳು. ಅದು ಬಾಯಿಗೆ ಬಂದರೆ ಈರಕ್ಕ ಥೂ ಎಂದು ಉಗುಳಿ ಮುಂದೆ ನಡೆಯುವಳು.

ಹೀಗೇ ನಡೆದು ಹೋಗುತ್ತಿತ್ತೇನೋ. ಆದರೆ ರಾಮಗಿರಿಯ ರೈಲು ಟೇಸನ್ನಿಗೆ ಸಮುದ್ರದ ಉಪ್ಪು ಮೂಟೆಮೂಟೆಯಾಗಿ ಬಂದಿಳಿಯತೊಡಗಿತು. ಅದು ಹಾಲಿನ ಬಣ್ಣದ್ದು, ನಮ್ಮದು ಕಂದು. ಸಂತೆಯಲ್ಲಿ ಈರಕ್ಕನ ರಾಶಿಯ ಮುಂದೆ ನಿಂತವರು, "ದನಕ್ಕೆ ನೆಕ್ಸಾಕೆ ಒಂದೀಟು ಕೊಡವ್ವ" ಎನ್ನತೊಡಗಿದರು. ಮಕ್ಕಳ ಬಾಯಿಗೆ ಹೋಗುತ್ತಿದ್ದ ಉಪ್ಪು ದನದ ಬಾಯಿಗೆ ಹೋದ ದಿನ ಅವಳು ಊಟ ಮಾಡಲಿಲ್ಲ.

ಬೋರಪ್ಪ ಹೊಸದುರ್ಗದ ಪಾಲಯ್ಯ ಮೇಸ್ತ್ರಿಗೆ ಮಾತು ಕೊಟ್ಟುಬಂದ. ಸಂಕ್ರಾಂತಿಯ ಮಾರನೆಯ ದಿನ ಕೂಲಿಯಾಳುಗಳನ್ನು ತುಂಬಿಕೊಂಡು ಮೇಸ್ತ್ರಿಯ ಗಾಡಿಗಳು ಹೊರಡುತ್ತವೆ, ಕೋಲಾರದ ಚಿನ್ನದ ಗಣಿಗೆ. ಮೊದಲು ತಾನು ಹೋಗುವುದು, ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದು.

"ನಾ ಬರಾಕಿಲ್ಲ. ನೀನೂ ಹೋಗಬ್ಯಾಡ" ಎಂದಳು ಈರಕ್ಕ. "ಅಲ್ಲಿ ನೆಲದೊಳಗೆ ಇಳೀತಾರಂತೆ. ನಾವು ನೆಲದ ಮ್ಯಾಲಿನ ಜನ."

"ಇಲ್ಲಿ ಕುಂತು ಏನು ಮಣ್ಣು ತಿಂತೀಯೇನೆ?"

"ಇಷ್ಟು ದಿನ ತಿಂದಿದ್ದೇನು ಮತ್ತೆ?"

ಬೋರಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು, ಅವಳು ಇಲ್ಲೇ ಬೇರೆ ದುಡಿಮೆ ಹುಡುಕಲು ಸಂಕ್ರಾಂತಿಯ ತನಕ ಗಡುವು ಕೇಳಿಬಿಟ್ಟಳು. ಹಿರಿಯೂರು ಸಂತೆಯಲ್ಲಿ ಒಬ್ಬ ಸಾಬರು ಸಾಬೂನು ಮಾರುತ್ತಿದ್ದುದನ್ನು, ಒಗೆದು ತೋರಿಸುವಾಗ ಅವರ ಅಂಗೈಯಲ್ಲಿ ಎದ್ದ ನೊರೆಯನ್ನು, ಒಂದೊಂದು ಗುಳ್ಳೆಯಲ್ಲೂ ಇಡೀ ಸಂತೆ ಬಣ್ಣಬಣ್ಣವಾಗಿ ತಲೆಕೆಳಗಾಗಿ ತೇಲಿದ್ದನ್ನು ಅವಳು ಕಂಡಿದ್ದಳು. ಅದೇನು ಎತ್ತ ಎಂದು ಕೇಳಿದ್ದಕ್ಕೆ ಸಾಬರು ಬಚ್ಚಿಡದೆ ಹೇಳಿದ್ದರು: ಸವುಳು ಮಣ್ಣು, ಸುಣ್ಣ, ಹೊಂಗೆ ಎಣ್ಣೆ.

ಸವುಳು ಮಣ್ಣೆಂದರೆ ಈರಕ್ಕನಿಗೆ ಹೇಳಿಕೊಡಬೇಕೆ? ಇಡೀ ದಂಡೆಯಲ್ಲಿ ಎಲ್ಲಕ್ಕಿಂತ ಚೊಕ್ಕ ಉಪ್ಪಿನ ಮಣ್ಣನ್ನೇ ಆರಿಸಿ ತಂದಳು. ತಳ ತೂತಾದ ಗಡಿಗೆಗೆ ಹುಲ್ಲು ತುರುಕಿ, ಮಣ್ಣು ಸುಣ್ಣ ಕಲಸಿ ತುಂಬಿ, ನೀರು ಬಸಿದು, ಎಣ್ಣೆಗೆ ಹೊಯ್ದು ಕಾಯಿಸಿದಳು. ಅದು ಒಡೆದ ಹಾಲಿನ ಹಾಗೆ ಗರಣೆ ಗರಣೆಯಾಗಿ ನಿಂತಿತು, ಎಣ್ಣೆ ಮೇಲೆ ತೇಲಿತು. ಇನ್ನೂ ಉಪ್ಪಾದ ಮಣ್ಣು ಹುಡುಕಿದಳು, ಇನ್ನೂ ಕೆಟ್ಟಿತು. ಮೂರನೆಯ ಸಲ ಬೋರಪ್ಪ ಬಗ್ಗಿ ನೋಡಿ, "ಒಗ್ಗರಣೆ ಹಾಕು, ಮುದ್ದೆಗೆ ಆಗ್ತದೆ" ಎಂದ.

ಅದರ ಮಾರನೆಯ ಬೆಳಿಗ್ಗೆ ಮಡಿವಾಳರ ಹನುಮಮ್ಮ ಕತ್ತೆ ಹೊಡೆದುಕೊಂಡು ದಂಡೆಗೆ ಬಂದಿದ್ದಳು. ಬಟ್ಟೆ ಒಗೆಯಲು ಮಣ್ಣು ತುಂಬಿಕೊಳ್ಳುತ್ತಿದ್ದಳು. ಈರಕ್ಕ ನೋಡುತ್ತಾಳೆ, ಒಳ್ಳೆಯ ನೆಲವನ್ನೆಲ್ಲ ಬಿಟ್ಟು ಯಾವುದೋ ಮೂಲೆ ಕೆರೆಯುತ್ತಿದ್ದಾಳೆ.

"ಅದ್ಯಾಕೆ ಅಲ್ಲೇ ಕೆರೀತೀಯ ಹನುಮಿ?"

ಹನುಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಹೇಳಿದ್ರೆ ಬೈಬಾರ್ದು. ನೀನು ಉಗುಳಿದ ಜಾಗ ನೋಡ್ಕಂಡು ತುಂಬ್ತೀನಿ ಕಣಕ್ಕ. ಹತ್ತು ವರ್ಷ ಆತು. ನೀನು ಥೂ ಅಂದ ಮಣ್ಣೇ ಬಟ್ಟೆಗೆ ಬಲು ಚಲೋ. ಉಪ್ಪು ಮಣ್ಣಾಗೆ ನೊರೆ ಎಲ್ಲಿ ಬರ್ತದೆ, ನನ್ನ ತಲೆ!"

ಈರಕ್ಕ ಬಿಳಿ ನೆಲದ ಮೇಲೆ ಹಾಗೇ ಕುಂತುಬಿಟ್ಟಳು. ಹೊಳೆಯ ಮೇಲಿನ ಮಂಜು ಎದ್ದು ಅವಳ ಸುತ್ತ ಸುಳಿಯುತ್ತಿತ್ತು. ಆಮೇಲೆ ಎದ್ದು, ಬದುಕೆಲ್ಲ ಉಗುಳಿದ ಜಾಗಗಳನ್ನು ಒಂದೊಂದಾಗಿ ನೆನೆಸಿಕೊಂಡು ಹೊರಟಳು. ಇಲ್ಲೊಂದು, ಹೊಂಗೆಮರದ ಬುಡದಲ್ಲೊಂದು, ಬಂಡೆಯ ಆಚೆ ಒಂದು. ಪ್ರತಿ ಸಲವೂ ಮಣ್ಣು ನಾಲಿಗೆ ಕಚ್ಚಿತು. ಪ್ರತಿ ಸಲವೂ ಉಗುಳು ಬಾಯಿಗೆ ಬಂತು. ನುಂಗಿಕೊಂಡು, ಕಾಲಿಂದ ಗೀರು ಎಳೆದಳು.

ಆ ಸಲ ಗರಣೆ ಕಟ್ಟಲಿಲ್ಲ. ಬೆಳಗಿನಿಂದ ಒಂದೇ ದಿಕ್ಕಿಗೆ ತಿರುಗಿಸುತ್ತ ತಿರುಗಿಸುತ್ತ ಎಣ್ಣೆ ನೀರು ಬೇರೆಯೆಂಬುದೇ ಹೋಗಿ, ಹೊಸ ಜೇನಿನಂತೆ ಕೋಲಿಗೆ ಅಂಟಿತು. ತಿರುಗುವ ಪಾಕವನ್ನು ನೋಡುತ್ತ ಅವಳಿಗೆ ಕಣ್ಣು ತೆರೆದೇ ಕನಸು ಬೀಳುತ್ತಿತ್ತು. ಹೊಳೆ ತಿರುಗುತ್ತಿತ್ತು, ಹಟ್ಟಿ ತಿರುಗುತ್ತಿತ್ತು, ಸತ್ತ ತಾಯಿ ಎದುರಿಗೆ ಕುಂತು ಸುಮ್ಮನೆ ನೋಡುತ್ತಿದ್ದಳು, ಬೈಯುತ್ತಿರಲಿಲ್ಲ. ಹೊಂಗೆಯ ನಾತ ಹೋಗಲೆಂದು ಲಾವಂಚದ ಬೇರು ಕುದಿಸಿ ಹಾಕಿದಳು. ತೆಂಗಿನ ಕರಟಗಳಿಗೆ ಹೊಯ್ದು ಆರಲು ಬಿಟ್ಟಳು.

ಒಂದು ತಿಂಗಳು ಆರಿದ ಮೇಲೆ ಮೊದಲ ಬಿಲ್ಲೆಗಳನ್ನು ಹೊಸದುರ್ಗಕ್ಕೆ, ವರ್ತಕರ ಮನೆಯ ಮರುಳಸಿದ್ದಮ್ಮನ ಜಗಲಿಗೆ ಒಯ್ದಳು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂಬುದು ನಮ್ಮವರ ನೇಮ. ಸಾಬೂನಿಗೂ ಅದೇ ನೇಮವಿರಲೆಂದು ಈಚಲುಗರಿಯಲ್ಲಿ ಅಂಗೈಯಗಲದ ಬುಟ್ಟಿಗಳನ್ನು ತಾನೇ ಹೆಣೆದು, ಒಂದೊಂದರಲ್ಲಿ ಒಂದೊಂದು ಬಿಲ್ಲೆ ಇಟ್ಟಿದ್ದಳು. ಮರುಳಸಿದ್ದಮ್ಮ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೂಸಿದರು. ಮಗಳ ಸೀಮಂತಕ್ಕೆ ಬರುವ ಮುತ್ತೈದೆಯರಿಗೆ ಕೊಡಲು ಬಲು ಚೆನ್ನ ಎನಿಸಿತು. ಆದರೆ ಅನುಮಾನ ಬಿಡಬೇಕಲ್ಲ.

"ಸೀಮೆ ಸಾಬೂನಿಗೆ ಕೊಬ್ಬು ಹಾಕ್ತಾರಂತೆ ಕಣೆ. ಮಠಕ್ಕೆ ನಡಕೊಳ್ಳೋ ಮನೆ ನಮ್ಮದು. ಇದ್ರಾಗೆ ಏನೈತೋ ಯಾರಿಗೆ ಗೊತ್ತು?"

"ಅವ್ವಾರೆ, ಬಾಯಿಗೆ ಇಡದ್ದನ್ನ ನಾವು ಯಾವತ್ತೂ ಮಾರಿಲ್ಲ" ಎಂದ ಈರಕ್ಕ ಬಿಲ್ಲೆಯ ಅಂಚನ್ನು ಕಡಿದು ಅಗಿದೇಬಿಟ್ಟಳು.

"ಅಯ್ಯೋ, ಉಗುಳೇ ಮಾರಾಯ್ತಿ! ಉಗುಳು!"

"ಹೊಂಗೆ ಎಣ್ಣೆ, ಸುಣ್ಣ, ನಮ್ಮ ಮಣ್ಣು. ಬ್ಯಾರೆ ಏನಿಲ್ಲ" ಎಂದಳು. ಬಾಯಿ ತುಂಬ ನೊರೆ. ಒಂದು ಗುಳ್ಳೆ ತುಟಿಯಿಂದ ಬಿಡಿಸಿಕೊಂಡು ಜಗಲಿಯ ಕಂಬದವರೆಗೆ ತೇಲಿ ಹೋಯಿತು. ಮರುಳಸಿದ್ದಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, ನಲವತ್ತು ಬುಟ್ಟಿ ಬೇಕು, ಮಾಘ ಮುಗಿಯುವುದರೊಳಗೆ ಎಂದರು.

ಬೋರಪ್ಪನಿಗೆ ಇದು ಸಾಲದು. "ಒಂದು ಸೀಮಂತಕ್ಕೆ ಬದುಕು ನಡೀತದೇನೆ? ಮುಂದೆ?" ಎಂದ. ಆದರೂ ಲಾವಂಚದ ದೊಡ್ಡ ಕಂತೆಗಳನ್ನು ಹೊತ್ತು ತಂದದ್ದು, ಕುಟ್ಟಿ ಕುದಿಸಿದ್ದು ಅವನೇ.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಈರಕ್ಕ ನಲವತ್ತು ಬುಟ್ಟಿಯ ಸಾಬೂನಿಗೆ ಒಲೆ ಹಚ್ಚಿದ್ದಳು. ಬೋರಪ್ಪ ಕಂಬಳಿ ಹೆಗಲಿಗೆ ಹಾಕಿ, ಗಂಟು ಎತ್ತಿಕೊಂಡ. "ಮಾತು ಕೊಟ್ಟಾಗೈತೆ" ಎಂದಷ್ಟೇ ಹೇಳಿ ಹೊಸದುರ್ಗದ ದಾರಿ ಹಿಡಿದ. ಅವಳು ಹಿಂದೆ ಓಡುವಂತಿರಲಿಲ್ಲ. ಕೈ ನಿಂತರೆ ಪಾಕ ಒಡೆಯುತ್ತದೆ, ಒಡೆದರೆ ಇರುವ ಒಂದು ಆಸೆಯೂ ಹೋಗುತ್ತದೆ. ತಿರುಗಿಸುತ್ತಲೇ ಕುಂತಳು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಕೋಲು ತಿರುಗುವುದೋ ತಾನು ತಿರುಗುವುದೋ ತಿಳಿಯಲಿಲ್ಲ. ಈಗ ಗಾಡಿ ಹೊರಟಿರುತ್ತದೆ, ಈಗ ಕೆರೆಯ ಏರಿ ದಾಟಿರುತ್ತದೆ ಎಂದು ಒಳಗೇ ದಾರಿ ಅಳೆಯುತ್ತಿದ್ದಳು.

ದನ ಮರಳುವ ಹೊತ್ತಿಗೆ ಒಲೆಯ ಪಕ್ಕದಲ್ಲಿ ಗಂಟು ದೊಪ್ಪನೆ ಬಿತ್ತು. ತಲೆ ಎತ್ತಿದರೆ ಬೋರಪ್ಪ.

"ಗಾಡಿ ಹತ್ತಿದ್ದೆ ಕಣೆ" ಎಂದ, ತಪ್ಪು ಒಪ್ಪಿಕೊಳ್ಳುವವನ ಹಾಗೆ. "ಕಂಬಳಿ ತುಂಬ ಲಾವಂಚದ ವಾಸ್ನೆ. ಪಕ್ಕದಾಗೆ ಕುಂತೋನು ಮೂಸಿ, ಯಾರ ಮದ್ವೆಗೆ ಹೊಂಟೀಯಪ್ಪ ಅಂದ. ಗಾಡಿ ಗಾಡಿನೇ ನಕ್ತು. ಸಾಬೂನಿನ ವಾಸ್ನೆ ಅಂದೆ. ಪಾಲಯ್ಯ ಮೇಸ್ತ್ರಿನೂ ಮೂಸಿದ. ಇದೆಲ್ಲಿ ಸಿಗ್ತದೆ ಬೋರಣ್ಣ, ನಮ್ಮ ಮನೆಯಾಕಿಗೆ ಎಲ್ಡು ಬೇಕು ಅಂದ. ನಮ್ಮನ್ಯಾಗೇ ಮಾಡ್ತೀವಿ ಅಂದೆ. ಹಂಗಂದ ಮ್ಯಾಲೆ ಗಾಡ್ಯಾಗೆ ಕುಂತಿರಾದೆಂಗೆ? ಮಾತು ವಾಪಸ್ ಕೊಡಪ್ಪ ಅಂತ ಕೇಳಿ ಇಳಿದೆ."

ಈರಕ್ಕ ಕೋಲು ತಿರುಗಿಸುತ್ತಲೇ ಇದ್ದಳು. ತೋಳು ಕೊರಡಾಗಿತ್ತು. ಅವನು ಕುಕ್ಕರಗಾಲಲ್ಲಿ ಕುಂತು ಅವಳ ಕೈಯಿಂದ ಕೋಲು ತೆಗೆದುಕೊಂಡ.

"ಬಲಕ್ಕೇ ತಿರುಗ್ಸು. ನಿಲ್ಲಿಸಬ್ಯಾಡ" ಎಂದಳು ಅವಳು.