ಹಿಂಡಿ, ತೌಡು ಮತ್ತು ಸಿಗದ ಉತ್ತರ

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ತಾಳವಾಡಿಯ ಒಂದು ಪಶುಆಹಾರದ ಶೆಡ್ಡಿನಲ್ಲಿ ಲೆಕ್ಕ ಹಾಕುವ ಕೆಲಸಕ್ಕಿದ್ದೆ. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ತೌಡು ಇವನ್ನು ಎಷ್ಟೆಷ್ಟು ಬೆರೆಸಿದರೆ ಹಸುವಿಗೆ ಬೇಕಾದ ಪ್ರೋಟೀನೂ ಸಿಕ್ಕಿ, ಖರ್ಚೂ ಆದಷ್ಟು ತಗ್ಗುತ್ತದೆ ಎಂದು ಹೇಳಬೇಕು. ಮೈಸೂರಿನಲ್ಲಿ ಓದುವಾಗ ಕಲಿತ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಈ ಗಣಿತ ಹೀಗೆ ಹಿಂಡಿ ಮೂಟೆಗಳ ನಡುವೆ ಅನ್ನ ಕೊಡುತ್ತದೆಂದು ಎಣಿಸಿರಲಿಲ್ಲ.

ಕಂಪ್ಯೂಟರ್ ಎಲ್ಲಿಂದ ಬರಬೇಕು? ಕೋಷ್ಟಕ ಬರೆದು, ಸಾಲುಸಾಲಾಗಿ ಭಾಗಿಸಿ, ಕಳೆದು, ಮತ್ತೆ ಹೊಸ ಕೋಷ್ಟಕ ಬರೆಯಬೇಕು. ಒಂದು ಕಡೆ ತಪ್ಪಿದರೆ ಎಲ್ಲ ಮೊದಲಿಂದ. ಮುಗಿಯುವಷ್ಟರಲ್ಲಿ ಹಿಂಡಿಯ ರೇಟು ಬದಲಾಗಿರುತ್ತಿತ್ತು. ನಮ್ಮ ಯಜಮಾನರು, ಅಂದರೆ ನನ್ನ ಗಂಡ, ಲೆಕ್ಕದ ಮೇಷ್ಟರು. ಶಾಲೆ ಮುಗಿಸಿ ಬಂದು ನನ್ನ ಲೆಕ್ಕ ತಾಳೆ ನೋಡುತ್ತಿದ್ದರು. ಆಮೇಲೆ ಇಬ್ಬರೂ ಉಂಡು ಮಲಗುವುದಷ್ಟೇ.

ಒಂದು ಮಳೆಗಾಲ ಸತ್ಯಮಂಗಲದಿಂದ ಬರುವ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ನಿಂತವು. ಚಾಮರಾಜನಗರದಲ್ಲೂ ಕಡಲೆಕಾಯಿ ಹಿಂಡಿ ಸಿಗಲಿಲ್ಲ. ಶೆಡ್ಡಿನಲ್ಲಿ ಉಳಿದದ್ದು ಜೋಳ, ತೌಡು, ಒಂದಿಷ್ಟು ಹತ್ತಿಬೀಜದ ಹಿಂಡಿ. ದಿನವೆಲ್ಲ ಕೂತರೂ ಉತ್ತರ ಬರಲಿಲ್ಲ. ಯಜಮಾನರು ತಾವೇ ಮತ್ತೊಮ್ಮೆ ಮಾಡಿ ನೋಡಿದರು.

"ನಿನ್ನ ತಪ್ಪೇನಿಲ್ಲ ಕಣೆ. ಇರೋ ಸಾಮಾನಲ್ಲಿ ಅಷ್ಟು ಪ್ರೋಟೀನು ಬರೋದೇ ಇಲ್ಲ," ಅಂದರು.

ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದೆ. ಸತ್ಯಮಂಗಲದ ಕಡೆಯವರು, ಕೆಟ್ಟವರಲ್ಲ. ಲಾರಿಗಾಗಿ ಫೋನಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಪ್ರೋಟೀನು ಸ್ವಲ್ಪ ಇಳಿಸಿ ಲೆಕ್ಕ ಮಾಡು, ಪ್ರೋಟೀನು ಎಷ್ಟೆಂದು ಬರೆದ ಮೂಟೆಯ ಚೀಟಿ ಹಾಗೇ ಇರಲಿ ಎಂದರು. ಇಳಿಸಿದರೆ ಚೀಟಿಯೂ ಬದಲಾಗಬೇಕೆಂದೆ. ಜನ ಬೈತಾರೆ, ಅರ್ಧ ಜನ ಬರೋದೇ ಇಲ್ಲ ಎಂದರು.

"ಹಳೇ ಚೀಟಿಗೆ ನಾನು ಲೆಕ್ಕ ಮಾಡಿಕೊಡಲ್ಲ ಸಾರ್," ಅಂದೆ ಅಷ್ಟೆ.

ಮ್ಯಾನೇಜರು ಹಳೇ ಚೀಟಿಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, "ಬದಲಾಯಿಸಮ್ಮ. ಬೈಸಿಕೊಳ್ಳೋಣ," ಅಂದರು.

ಬೈದರು ಕೂಡ. ಕೆಲವರು ಮೂಟೆ ಮುಟ್ಟದೆ ಹೋದರು. ಗೆಟ್ಟವಾಡಿಯ ರೈತರೊಬ್ಬರು ಚೀಟಿ ಓದಿಸಿಕೊಂಡು, "ಉಳ್ಳಿ ಬೇಯ್ಸಿ ಜೊತ್ಗೆ ಆಕ್ತೀನಿ ಬುಡವ್ವ," ಎಂದು ಒಂದು ಮೂಟೆ ಹೊರಿಸಿಕೊಂಡರು; ಮನೆಯ ಹುರುಳಿ ಕೊರತೆ ತುಂಬಲೆಂದು. ಊರೂರಲ್ಲಿ ಹಾಲು ಕಡಿಮೆಯಾಯಿತು. ಅದಕ್ಕೂ ನಾವೇ ಬೈಸಿಕೊಂಡೆವು.

ಘಾಟಿಯ ದಾರಿ ತೆರೆದ ಮೇಲೆ ಹಿಂಡಿ ಬಂತು, ಹೊಸ ರೇಟಿನಲ್ಲಿ. ಸಂಜೆ ಮತ್ತೆ ಕೋಷ್ಟಕಕ್ಕೆ ಗೆರೆ ಎಳೆಯುತ್ತ ಕೂತೆ. ಯಜಮಾನರು ಪೆನ್ಸಿಲ್ ಕೆತ್ತಿ ಕೊಟ್ಟರು.