ಗೋಡೆಗೆ ಮುಖ ಮಾಡಿ ಕೇಳಿದ ಆಂಪ್‌ಗಳು

ಹರಿಹರದ ಆ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಗಿಟಾರ್ ಆಂಪ್‌ಗಳಿದ್ದವು. ಒಂದೇ ಕಂಪನಿಯ ಒಂದೇ ಮಾದರಿ. ಒಂದು ಮೊದಲ ಆವೃತ್ತಿ, ಇನ್ನೊಂದು ಅದನ್ನೇ ಕೆಲವು ವರ್ಷಗಳ ನಂತರ ತಿದ್ದಿ ತಂದ ಎರಡನೆಯ ಆವೃತ್ತಿ. ಎರಡರೊಳಗೂ ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ಟ್ಯೂಬುಗಳಿದ್ದವು. ಗಿಟಾರಿನ ಸಣ್ಣ ದನಿಯನ್ನು ದೊಡ್ಡದು ಮಾಡಿ, ಹರಿದು, ಒರಟಾಗಿಸಿ ಸ್ಪೀಕರಿಗೆ ಬಿಡುವುದು ಇಂಥ ಆಂಪ್‌ಗಳ ಕೆಲಸ. ಆ ಒರಟುತನವನ್ನು ಏರಿಸಿ ಇಳಿಸುವ ಗುಂಡಿಗೆ ಗೇನ್ ಎನ್ನುತ್ತೇವೆ. ಈ ಎರಡರಲ್ಲೂ ಅದು ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಮನೆಯ ಯಜಮಾನರು ಪ್ರವಾಸಿ ಹಡಗುಗಳ ಬ್ಯಾಂಡಿನಲ್ಲಿ ಬಹಳ ಕಾಲ ಗಿಟಾರ್ ನುಡಿಸಿ ಊರಿಗೆ ಮರಳಿದವರು. ಎರಡರಲ್ಲಿ ಒಂದನ್ನು ನಮ್ಮ ಬ್ಯಾಂಡಿಗೆ ಕೊಡಲು ಒಪ್ಪಿದ್ದರು. ಯಾವುದು ಬೇಕೋ ಅದನ್ನು ಒಯ್ಯಿರಿ, ಉಳಿದದ್ದು ನನಗಿರಲಿ ಎಂದಿದ್ದರು.

ದಾವಣಗೆರೆಯಿಂದ ನಾವು ನಾಲ್ವರು ಹೋಗಿದ್ದೆವು. ಬ್ಯಾಂಡ್ ಕಟ್ಟಿದವನು, ಮುಂದೆ ನಿಂತು ಗಿಟಾರ್ ನುಡಿಸುವವನು ನಮ್ಮ ಲೀಡರ್. ಅವನ ಜೊತೆ ಡ್ರಮ್ಸ್ ಬಾರಿಸುವವನು ಬೈಕಿನಲ್ಲಿ ಬಂದಿದ್ದ. ಬೇಸ್ ಗಿಟಾರಿನ ನಾನು, ಎರಡನೇ ಗಿಟಾರಿನ ಗೆಳೆಯ ಇಬ್ಬರೂ ಗೂಡ್ಸ್ ಆಟೊದ ಹಿಂದೆ ಕೂತು ಬಂದಿದ್ದೆವು. ಈ ಗೆಳೆಯನನ್ನು ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ಅವನ ಮನೆಯವರದು ಮಂಡಕ್ಕಿ ಹುರಿಯುವ ಭಟ್ಟಿ. ಭಟ್ಟಿಯ ಪಕ್ಕದ, ಚೀಲ ಪೇರಿಸುವ ಕೋಣೆಯಲ್ಲಿ ನಮ್ಮ ಅಭ್ಯಾಸ ನಡೆಯುತ್ತಿತ್ತು. ಅಲ್ಲಿ ನಮ್ಮ ಸದ್ದಿಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಬೆಳಗ್ಗೆ ಬೆಂಕಿಯ ಮುಂದೆ ನಿಂತು ದುಡಿದು, ಮಸಿ ತೊಳೆದುಕೊಂಡು ಅವನು ಗಿಟಾರ್ ಹಿಡಿಯುತ್ತಿದ್ದ.

ನಮ್ಮ ಬ್ಯಾಂಡಿನ ದನಿ ಹೇಗಿರಬೇಕೆಂದು ತೀರ್ಮಾನಿಸುತ್ತಿದ್ದವನು ಅವನೇ. ಅದಕ್ಕೆ ಅವನದೊಂದು ಕ್ರಮವಿತ್ತು. ಸ್ಪೀಕರಿನ ಪೆಟ್ಟಿಗೆಯ ಮೇಲೆ ಎಡ ಅಂಗೈ ಊರಿ, ನುಡಿಸುವವನ ಮುಖವನ್ನೇ ನೋಡುತ್ತ, ಬಲಗೈಯಿಂದ ಗುಂಡಿಗಳನ್ನು ತಿರುಗಿಸುತ್ತಿದ್ದ. ಆ ಭಂಗಿ ಎಷ್ಟು ಹೆಸರಾಗಿತ್ತೆಂದರೆ ನಿಟ್ಟುವಳ್ಳಿ ಕಡೆಯ ಕಾಲೇಜು ಹುಡುಗರು ಕೂಡ ಗಿಟಾರ್ ಶ್ರುತಿ ಮಾಡುವ ಮೊದಲು ಪೆಟ್ಟಿಗೆಯ ಮೇಲೆ ಅಂಗೈ ಇಡಲು ಕಲಿತಿದ್ದರು. ಯಾಕೆ ಇಡುತ್ತೀರಿ ಎಂದು ಕೇಳಿದರೆ, ಉಸ್ತಾದ್ ಇಡುತ್ತಾನಲ್ಲ ಎನ್ನುತ್ತಿದ್ದರು.

ಆಟೊ ಹಳೇ ಪಿ.ಬಿ. ರಸ್ತೆ ಹಿಡಿದ ಮೇಲೆ ಅವನು ನನ್ನ ಬಾಯನ್ನೇ ನೋಡುತ್ತ ಹೇಳಿದ, "ಹರಿಹರದ ಯಜಮಾನ್ರು ರೆಕಾರ್ಡಿಂಗ್ ರೂಮ್ ಮಾಡ್ತಾರಂತಲ್ಲ, ಅದಕ್ಕ ನನ್ನ ಕರದಾರ."

"ಏನ್ ಕೆಲ್ಸ?"

"ಸೌಂಡ್ ನೋಡ್ಕೊಳ್ಳೋದು. ಇವತ್ತು ಆಂಪ್ ಹೆಂಗ್ ಕೇಳಿ ಹೇಳ್ತೀಯೋ ನೋಡಾನ, ಆಮ್ಯಾಲ ಮಾತಾಡಾನ ಅಂದಾರ."

"ನಿನ್ ಬಿಟ್ರ ಇನ್ಯಾರಿಗೆ ಕೊಡ್ತಾರ ಬಿಡು."

"ಯಾರಿಗೂ ಹೇಳಬ್ಯಾಡ. ಲೀಡರಣ್ಣಗೆ ಒಬ್ಬಂಗ ಹೇಳೀನಿ. ಇದಾದ್ರ ಭಟ್ಟಿ ಬಿಡಬೋದು ನಾನು." ಇಷ್ಟು ಹೇಳಿ ನಕ್ಕ. ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿದ್ದು ಕಡಿಮೆ.

ಯಜಮಾನರ ಮನೆಯ ಹಿಂದಿನ ಕೋಣೆಯಲ್ಲಿ ಸ್ಪೀಕರಿನ ದೊಡ್ಡ ಪೆಟ್ಟಿಗೆ ಒಂದೇ ಇತ್ತು. ಅದರ ಮೇಲೆ ಎರಡೂ ಆಂಪ್‌ಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಟ್ಯೂಬಿನ ಆಂಪ್ ಸ್ಪೀಕರಿಲ್ಲದೆ ಚಾಲೂ ಆದರೆ ಸುಟ್ಟುಹೋಗುತ್ತದೆ. ಹಾಗಾಗಿ ಒಂದನ್ನು ಕೇಳಿದ ಮೇಲೆ ಅದನ್ನು ಬಂದ್ ಮಾಡಿ, ವೈರ್ ಕಿತ್ತು ಇನ್ನೊಂದಕ್ಕೆ ಚುಚ್ಚಿ, ಅದರ ಟ್ಯೂಬುಗಳು ಬಿಸಿಯಾಗುವವರೆಗೆ ಕಾಯಬೇಕು. ಉಸ್ತಾದ್ ಎಂದಿನಂತೆ ಪೆಟ್ಟಿಗೆಯ ಹತ್ತಿರ ಹೋದ.

"ತಡಿ ಉಸ್ತಾದ್," ಎಂದ ಲೀಡರ್. "ಇವತ್ತು ಕೈ ಇಡಂಗಿಲ್ಲ. ಆ ಗೋಡಿ ಕಡೆ ಮುಖ ಮಾಡಿ ನಿಂದ್ರು."

"ಯಾಕಣ್ಣ?"

"ಹಳೇದು ಯಾವ್ದು, ಹೊಸಾದು ಯಾವ್ದು ಅಂತ ನೋಡ್ಕೊಂಡು ಹೇಳಿದ್ರ ಏನ್ ಬಂತು? ಕೇಳಿ ಹೇಳ್ಬೇಕು."

"ಅದು ಖರೆ. ಹಂಗೇ ಕೇಳ್ಬೇಕು," ಎಂದರು ಯಜಮಾನರು. ಅದರಲ್ಲಿ ತಪ್ಪೇನೂ ನನಗೂ ಕಾಣಲಿಲ್ಲ. ಗಿಟಾರಿನವರು ಹಾಗೆ ಪರೀಕ್ಷಿಸುವುದು ಹೊಸದಲ್ಲ.

ಉಸ್ತಾದ್ ಗೋಡೆಗೆ ಮುಖ ಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

ಲೀಡರ್ ದಪ್ಪ ತಂತಿಗಳ ಮೇಲೆ ಅಂಗೈ ಒತ್ತಿ ಮೊದಲು ಹಳೆಯ ಆವೃತ್ತಿಯಲ್ಲಿ ನುಡಿಸಿದ. ವೈರ್ ಬದಲಿಸಿ, ಕಾದು, ಅದನ್ನೇ ಎರಡನೆಯದರಲ್ಲಿ ನುಡಿಸಿದ. ಉಸ್ತಾದ್ ಗೋಡೆಗೇ ಹೇಳಿದ, "ಮೊದ್ಲನೇದು ಬಿಗಿ ಐತೆ. ಕೈ ಒತ್ತಿದ್ರ ತಟ್ಟನೆ ನಿಲ್ತೈತೆ. ಇದು ಹೊಟ್ಟಿ ದೊಡ್ಡದು, ಹರಡ್ಕೊಂಡು ಕೂಡ್ತೈತೆ. ಮೊದ್ಲನೇದು ಹಳೇದು, ಇದು ಹೊಸಾದು."

ಅವನು ಹೇಳಿದ್ದು ಸರಿಯಾಗಿತ್ತು. "ಶಹಬ್ಬಾಸ್!" ಎಂದರು ಯಜಮಾನರು. ಉಸ್ತಾದನ ಕಿವಿಯ ತುದಿ ಕೆಂಪಾದದ್ದು ಹಿಂದಿನಿಂದ ಕಾಣಿಸಿತು. ಅಲ್ಲಿಗೆ ಮುಗಿಸಬಹುದಿತ್ತು.

ಲೀಡರ್ ಮುಗಿಸಲಿಲ್ಲ. ಮತ್ತೆ ಹಳೆಯ ಆಂಪಿಗೆ ವೈರ್ ಚುಚ್ಚಿದ. ದಪ್ಪ ದನಿಯ ಬೇಸ್ ಗುಂಡಿಯನ್ನು, ನಡುವಿನ ದನಿಯ ಗುಂಡಿಯನ್ನು ಕೊನೆಯವರೆಗೆ ಇಳಿಸಿದ. ಚೂಪು ದನಿಯ ಟ್ರೆಬಲ್ ಗುಂಡಿಯನ್ನು ಪೂರ್ತಿ ಏರಿಸಿದ. ಡ್ರಮ್ಮರ್ ಕಡೆ ನೋಡಿ ಕಣ್ಣು ಹೊಡೆದ. ಆಗ ನನಗೆ ತಿಳಿಯಿತು, ಇವರಿಬ್ಬರೂ ದಾರಿಯಲ್ಲೇ ಮಾತಾಡಿಕೊಂಡು ಬಂದಿದ್ದರು.

ಸಣ್ಣ ತಂತಿಗಳ ಮೇಲೆ ನುಡಿಸಿದ. ತಗಡನ್ನು ಮೊಳೆಯಿಂದ ಗೀರಿದಂಥ ದನಿ. ಡ್ರಮ್ಮರ್ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಅಡುಗೆಮನೆಯಿಂದ ಯಾರೋ ಬಂದು ನಡುವಿನ ಬಾಗಿಲನ್ನು ಎಳೆದುಕೊಂಡರು. ನನ್ನ ಹಲ್ಲು ಜುಂ ಎಂದವು.

"ಇದು ಹೆಂಗೈತೆ ಉಸ್ತಾದ್?"

ಉಸ್ತಾದ್ ಸ್ವಲ್ಪ ಯೋಚಿಸಿದ. "ಇದು ಮೆತ್ತಗೈತಣ್ಣ. ಸ್ವಲ್ಪ ದೂರ ಆದಂಗೈತೆ. ಟ್ರೆಬಲ್ ಇನ್ನೊಂದ್ ಚೂರು ಏರಿಸಿದ್ರ ಚಲೋ."

ಡ್ರಮ್ಮರ್ ಫಕ್ಕನೆ ನಕ್ಕ. ಯಜಮಾನರು ನಗಲಿಲ್ಲ, ಉಸ್ತಾದನ ಬೆನ್ನನ್ನು ನೋಡುತ್ತ ನಿಂತರು. ಉಸ್ತಾದನೂ ನಕ್ಕ. ಏನೋ ಬೇರೆ ತಮಾಷೆ ನಡೆದಿದೆ ಎಂದುಕೊಂಡಿರಬೇಕು. "ಯಾಕ? ಏನಾತು?" ಎಂದ.

ಕಳೆದ ಕೆಲವು ಕಾರ್ಯಕ್ರಮಗಳಲ್ಲಿ ನಮ್ಮ ದನಿ ಬರಬರುತ್ತ ಚೂಪಾಗುತ್ತ ಹೋಗಿತ್ತು. ಕಾಲೇಜಿನ ಸಭಾಂಗಣದಲ್ಲಿ ಮುಂದಿನ ಸಾಲಿನವರು ಎದ್ದು ಹಿಂದೆ ಹೋಗಿದ್ದರು. ಅದು ಉಸ್ತಾದನ ಹೊಸ ರುಚಿ ಎಂದು ನಾನು ತಿಳಿದಿದ್ದೆ. ದಪ್ಪ ದನಿ, ಹತ್ತಿರದ ಮಾತು ಕೇಳುತ್ತಿದ್ದರೂ ಅವನಿಗೆ ಮೇಲಿನ ಚೂಪು ದನಿಗಳು ಕೇಳುತ್ತಿಲ್ಲ, ಪೆಟ್ಟಿಗೆಗೆ ಅಂಗೈ ಊರುವುದು ಅದಕ್ಕೇ ಎಂಬುದು ಹೊಳೆದದ್ದು ಆ ಕೋಣೆಯಲ್ಲಿ. ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ನಮ್ಮ ಸಣ್ಣ ವೇದಿಕೆಗಳ ಮೇಲೆ ಲೀಡರನ ಸ್ಪೀಕರ್ ಪೆಟ್ಟಿಗೆಯನ್ನು ಯಾವಾಗಲೂ ಉಸ್ತಾದನ ಎಡಗಿವಿಯ ಎತ್ತರಕ್ಕೆ ಇಡುತ್ತಿದ್ದರು. ದನಿ ಕಡಿಮೆ ಮಾಡು ಎಂದರೆ ಲೀಡರ್ ಒಪ್ಪುತ್ತಿರಲಿಲ್ಲ. ವರ್ಷಗಟ್ಟಲೆ ಉಸ್ತಾದ್ ಅಲ್ಲೇ ನಿಂತಿದ್ದ.

"ಸಾಕು ಬಿಡ್ರಿ. ಎರಡೂ ಕೇಳಿದ್ವಲ್ಲ," ಎಂದೆ ನಾನು.

"ನೀ ಸುಮ್ನಿರಲೇ. ಉಸ್ತಾದ್ ಇನ್ನ ಹೇಳಿಲ್ಲ," ಎಂದ ಲೀಡರ್. ದನಿ ಏರಿಸಲಿಲ್ಲ. "ಉಸ್ತಾದ್, ಈಗ ಹಿಸ್ ಕೇಳು. ನಾ ಏನೂ ನುಡಿಸಂಗಿಲ್ಲ. ಸುಮ್ನ ಇದ್ದಾಗ ಯಾವ್ದು ಜಾಸ್ತಿ ಸುಂಯ್ ಅಂತೈತೆ ಹೇಳು."

ಗೇನ್ ಹೆಚ್ಚಿರುವ ಆಂಪ್, ಯಾರೂ ನುಡಿಸದಿದ್ದರೂ, ಒಲೆಯ ಮೇಲಿನ ಪ್ರೆಷರ್ ಕುಕ್ಕರಿನಂತೆ ಸಣ್ಣಗೆ ಉಸಿರು ಬಿಡುತ್ತಿರುತ್ತದೆ. ಲೀಡರ್ ತಂತಿಗಳಿಂದ ಕೈ ತೆಗೆದ. ಕೋಣೆ ತುಂಬ ಆ ಸುಂಯ್ ಎಂಬ ಸದ್ದು.

"ಇದು ಪೂರಾ ಕ್ಲೀನ್ ಐತೆ," ಎಂದ ಉಸ್ತಾದ್.

ಲೀಡರ್ ಸದ್ದಾಗದಂತೆ ಆಂಪಿನ ಸ್ವಿಚ್ಚನ್ನು ಬಂದ್ ಮಾಡಿದ. ಕೋಣೆ ಸ್ತಬ್ಧವಾಯಿತು. ವೈರ್ ಬದಲಿಸಿ ಕಾಯುವಷ್ಟು ಹೊತ್ತು ಬಿಟ್ಟು ಕೇಳಿದ,

"ಈಗ?"

ಈ ಸಲ ಉಸ್ತಾದ್ ತಡೆದ. ಬೇರೆ ಉತ್ತರ ಕೊಡಬೇಕೆಂದು ಅವನಿಗೆ ಅನ್ನಿಸಿರಬೇಕು. "ಇದ್ರಾಗ ಸ್ವಲ್ಪ ಐತೆ. ಸಣ್ಣಗೆ, ಮ್ಯಾಲ್ಗಡೆ."

ಡ್ರಮ್ಮರ್ ಹೊಟ್ಟೆ ಹಿಡಿದುಕೊಂಡು ಕೆಳಗೆ ಕೂತುಬಿಟ್ಟ. "ಉಸ್ತಾದ್‌ಗ ಭಟ್ಯಾಗ ಮಂಡಕ್ಕಿ ಸಿಡಿಯೋದು ಕೇಳ್ತೈತಪೋ!" ಎಂದು ಬಾಯಿ ಮುಚ್ಚಿಕೊಂಡ. ಲೀಡರ್ ಮತ್ತೆ ಸ್ವಿಚ್ ಹಾಕಲಿಲ್ಲ. ಕೈಕಟ್ಟಿ ನಿಂತು, ಗುಂಡಿ ತಿರುಗಿಸುತ್ತಿರುವವನಂತೆ ತಡೆತಡೆದು ಬರೀ ಕೇಳುತ್ತ ಹೋದ. "ಈಗ? ಮತ್ತ ಈಗ?" ಉಸ್ತಾದ್ ಒಮ್ಮೆ ಐತೆ ಎಂದ, ಒಮ್ಮೆ ಇಲ್ಲ ಎಂದ. ಒಮ್ಮೆ, ಎಡಗಡೆಯಿಂದ ಬರ್ತೈತೆ ಎಂದ. ಅವನ ದನಿ ಸಣ್ಣದಾಗುತ್ತ ಹೋಯಿತು. ಅವನ ಬೆನ್ನ ಹಿಂದೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಸುಕುತ್ತಿತ್ತು.

ಆಮೇಲೆ ಲೀಡರ್ ಯಜಮಾನರ ಕಡೆ ತಿರುಗಿ ಮೆಲ್ಲಗೆ ಹೇಳಿದ, "ನೋಡಿದ್ರಲ್ಲ ಸರ್. ಕೆಲ್ಸಕ್ಕ ಇಟ್ಕೊಂಡ ಮ್ಯಾಲ ನನ್ನ ಬೈಬಾರ್ದು ನೋಡ್ರಿ, ಅದಕ್ಕ."

"ನಾನೊಬ್ನೇ ಇದ್ದಾಗ ಹೇಳ್ಬೋದಿತ್ತಲ್ಲ," ಎಂದರು ಯಜಮಾನರು.

"ಹೇಳಿದ್ರ ನಂಬ್ತಿದ್ರೇನು ನೀವು? ಊರೆಲ್ಲ ಇವ್ನ ಕಿವೀನ ಹೊಗಳ್ತೈತೆ. ನುಡಿಸೋನು ನಾನು, ಈ ದನಿ ನಂದು ಅಂತ ಒಬ್ರೂ ಅನ್ನಂಗಿಲ್ಲ."

ಉಸ್ತಾದ್ ತಿರುಗಲಿಲ್ಲ. ಆ ಮಾತು ಅವನಿಗೆ ಕೇಳಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಲೀಡರ್ ಎರಡನೆಯ ಆವೃತ್ತಿಯ ಕಡೆ ಬೆರಳು ತೋರಿಸಿದ. ಯಜಮಾನರು ತಲೆಯಾಡಿಸಿದರು. ಲೀಡರ್ ತುಟಿಯ ಮೇಲೆ ಬೆರಳಿಟ್ಟು ನಮಗೆಲ್ಲ ಸನ್ನೆ ಮಾಡಿದ. ಅವನೂ ಡ್ರಮ್ಮರೂ ಆಂಪನ್ನು ಕಂಬಳಿಯಲ್ಲಿ ಸುತ್ತಿ, ಮೆಲ್ಲಗೆ ಹೆಜ್ಜೆ ಇಡುತ್ತ ಹೊರಗೆ ಒಯ್ದರು. ಯಜಮಾನರು ಬಾಗಿಲು ಹಿಡಿದು ಅವರ ಹಿಂದೆ ಹೋದರು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

"ಅಣ್ಣ," ಎಂದ ಉಸ್ತಾದ್ ಗೋಡೆಗೆ. "ಮೊದ್ಲನೇದು ಇನ್ನೊಮ್ಮೆ ನುಡಸ್ರಿ. ಈ ಸರ್ತಿ ಸರಿಯಾಗಿ ಹೇಳ್ತೀನಿ."

ಅವನಿಗೂ ಗೋಡೆಗೂ ನಡುವೆ ಸ್ವಲ್ಪ ಜಾಗವಿತ್ತು. ಹಿಂದಿನಿಂದ ಮುಟ್ಟಿದರೆ ಬೆಚ್ಚಬಹುದೆಂದು ನಾನು ಬದಿಯಿಂದ ಅಲ್ಲಿಗೆ ಹೋಗಿ, ಅವನಿಗೆ ಕಾಣುವಂತೆ ನಿಂತು, "ಮುಗೀತು ಬಾ," ಎಂದೆ. ಅವನು ನನ್ನ ತುಟಿಗಳನ್ನು ನೋಡಿದ. ತಿರುಗಿ ಪೆಟ್ಟಿಗೆಯ ಮೇಲೆ ಒಂದೇ ಆಂಪ್ ಉಳಿದಿರುವುದನ್ನು ನೋಡಿದ.

"ಹೊಸಾದು ಒಯ್ದ್ರಾ?"

"ಹೂಂ."

"ಚಲೋ ಆತು. ನಮ್ಮ ಹಾಡಿಗೆ ಅದೇ ಸರಿ," ಎಂದ. ಮುಖ ಒರೆಸಿಕೊಂಡ.

ಯಜಮಾನರು ಮರಳಿ ಬಂದರು. ಅವರು ಕೆಟ್ಟವರಲ್ಲ. ಏನು ಮಾಡಬೇಕೆಂದು ಒಳಗೆ ಬರುವಷ್ಟರಲ್ಲಿ ಯೋಚಿಸಿದ್ದರು. "ನೋಡಪ, ಸೌಂಡ್ ಕೆಲ್ಸಕ್ಕ ನಾನು ಬ್ಯಾರೆಯವ್ರನ್ನ ನೋಡ್ತೀನಿ. ವೈರ್ ಸುತ್ತಿಡೋದು, ಪೆಟ್ಟಿಗಿ ಎತ್ತೋದು, ರೂಮ್ ಗುಡಿಸೋದು ಐತೆ. ಬರಂಗಿದ್ರ ಬಾ."

ಉಸ್ತಾದ್ ಸಿಟ್ಟಾಗುತ್ತಾನೆ, ಇಲ್ಲವೇ ಸುಮ್ಮನೆ ಹೊರಟುಬಿಡುತ್ತಾನೆ ಎಂದುಕೊಂಡೆ. ಹಾಗೇನಾದರೂ ಮಾಡಲಿ ಎಂದು ಕಾದೆ.

"ಬರ್ತೀನಿ ಸರ್," ಎಂದ. "ಯಾವಾಗಿಂದ ಬರ್ಲಿ?"

"ಸೋಮವಾರ," ಎಂದರು ಅವರು ಮೆಲ್ಲಗೆ, ಮುಖ ಆಚೆ ತಿರುಗಿಸಿ.

"ಯಾವಾಗ ಅಂದ್ರಿ?"

ಯಜಮಾನರು ಮುಂದೆ ಬಾಗಿ ಅವನ ಕಿವಿಯ ಹತ್ತಿರ ಬಾಯಿ ತಂದು ಕೂಗಿದರು, "ಸೋಮವಾರ!"

ಅಲ್ಲಿಯವರೆಗೆ ಅವನೊಡನೆ ಯಾರೂ ಹಾಗೆ ಕೂಗಿ ಮಾತಾಡಿರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಹೊರಗೆ ಆಟೊದ ಹತ್ತಿರದಿಂದ ಡ್ರಮ್ಮರ್ ಅದೇ ರಾಗದಲ್ಲಿ ಕೂಗಿದ, "ಸೋಮವಾರಂತಲೇ ಉಸ್ತಾದ್! ಸೋಮವಾರ!" ಲೀಡರ್ ನಕ್ಕದ್ದೂ ಕೇಳಿಸಿತು.

ಉಸ್ತಾದ್ ನನ್ನ ಕಡೆ ತಿರುಗಿದ. "ಅವ ಏನಂದ?"

ನಾನು ಎಂದಿನ ದನಿಯಲ್ಲೇ, ಅವನಿಗೆ ತುಟಿ ಕಾಣುವಂತೆ ನಿಧಾನವಾಗಿ, "ಹೊರಡೋಣ ಬರ್ರಿ ಅಂದ," ಎಂದೆ. ಅವನು ಬಹಳ ಹೊತ್ತು ನನ್ನ ಮುಖವನ್ನು ನೋಡಿದ. ನಂತರ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಸ್ಪೀಕರಿನ ವೈರ್ ಎತ್ತಿಕೊಂಡು ಮೊಣಕೈಗೂ ಅಂಗೈಗೂ ಸುತ್ತತೊಡಗಿದ. ಯಜಮಾನರು ಬೇಡ ಎನ್ನಲಿಲ್ಲ.