ಸ್ಟೇರಿಂಗ್ ಎಣ್ಣೆಗೆ ಎರಡು ಕ್ರಿಯಾಪದ

ಶಹಾಪುರದಲ್ಲಿ ಗಂಡಸು ಓಡಿಸುವ ಕಾರಿನ ಸ್ಟೇರಿಂಗ್ ಬಿಗಿಯಾದರೆ ಜನ ಬಾನೆಟ್ ತೆರೆದು ನೋಡುತ್ತಾರೆ. ಹೆಂಗಸು ಓಡಿಸುವ ಕಾರಿನದು ಬಿಗಿಯಾದರೆ ಅವಳ ತೋಳು ಹಿಡಿದು ನೋಡುತ್ತಾರೆ. ನನ್ನ ಕಾರಿನ ಕಾಯಿಲೆಗೂ ಮೊದಲ ಚಿಕಿತ್ಸೆ ನಡೆದದ್ದು ನನ್ನ ಭುಜಕ್ಕೆ.

ಕಾಯಿಲೆಯ ಲಕ್ಷಣಗಳು ಸ್ಪಷ್ಟವಾಗಿದ್ದವು. ದೊಡ್ಡ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ತೊಂದರೆ ಇರಲಿಲ್ಲ. ಓಣಿಯಲ್ಲಿ ಹಿಂದೆ ತೆಗೆದು ತಿರುಗಿಸಬೇಕಾದಾಗ ಮಾತ್ರ ಸ್ಟೇರಿಂಗ್ ಬೀಸುವ ಕಲ್ಲಿನಂತೆ ಭಾರವಾಗುತ್ತಿತ್ತು. ಜೊತೆಗೆ ಬಾನೆಟ್ಟಿನೊಳಗಿಂದ ಯಾರೋ ನರಳಿದಂತೆ ಗೊಂಯ್ ಎಂಬ ಸದ್ದು. ನಮ್ಮ ಯಜಮಾನರು ಕಟ್ಟೆಯ ಮೇಲೆ ನಿಂತು ಎರಡನ್ನೂ ಗಮನಿಸಿದರು, ನರಳುತ್ತಿರುವುದು ನಾನೇ ಎಂದು ತೀರ್ಮಾನಿಸಿದರು.

"ನಿನ್ನ ರಟ್ಟ್ಯಾಗ ಕಸುವು ಕಮ್ಮಿ ಆಗ್ಯಾದ" ಎಂದರು.

"ಸದ್ದು ಗಾಡಿಯೊಳಗಿಂದ ಬರಾಕತ್ತದರಿ."

"ಗಾಡಿ ಏನ್ ಮಾಡಬೇಕು ಪಾಪ, ಜಗ್ಗಾಡಿದ್ರ ಒದರತದ."

ಎದುರು ಮನೆಯಾಕೆ ಅದೇ ಸಂಜೆ ಒಂದು ಬಾಟಲಿ ಎಣ್ಣೆ ತಂದುಕೊಟ್ಟಳು. ಕಾರಿಗಲ್ಲ, ಭುಜಕ್ಕೆ. ಬಿಸಿ ಮಾಡಿ ಹಚ್ಚಿಕೊಂಡರೆ ಸ್ಟೇರಿಂಗ್ ಹಗುರಾಗುತ್ತದೆ ಎಂಬ ಭರವಸೆಯನ್ನೂ ಕೊಟ್ಟಳು. ಹಲವು ವರ್ಷ ಕರಿಹಲಗೆಯ ಮೇಲೆ ತಲೆಗಿಂತ ಎತ್ತರಕ್ಕೆ ಕೈ ಚಾಚಿ ಬರೆದ ತೋಳು ನನ್ನದು. ಅದರ ಕಸುವಿನ ಬಗ್ಗೆ ನನಗೆ ಸಂಶಯವಿರಲಿಲ್ಲ. ಆದರೂ ಎಣ್ಣೆ ಹಚ್ಚಿಕೊಂಡೆ. ಯಾವ ಊಹೆಯನ್ನೂ ಪರೀಕ್ಷಿಸದೆ ತಳ್ಳಿಹಾಕಬಾರದೆಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ. ಭುಜ ಹಗುರಾಯಿತು. ಸ್ಟೇರಿಂಗ್ ಆಗಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಗಂಟಲು ಕೈಕೊಟ್ಟ ಮೇಲೆ ಸ್ವಯಂ ನಿವೃತ್ತಿ ಪಡೆದೆ. ಆಗ ಬಂದ ಹಣದಲ್ಲಿ, ಒಬ್ಬರೂ ಹೂಂ ಅನ್ನದಿದ್ದರೂ, ನನ್ನ ಹೆಸರಿನಲ್ಲಿ ಒಂದು ಹಳೆಯ ಸಣ್ಣ ಕಾರು ಕೊಂಡು ಓಡಿಸಲು ಕಲಿತೆ. ಮಂಗಳವಾರ ಮತ್ತು ಶನಿವಾರ ಮಧ್ಯಾಹ್ನ ಯಾದಗಿರಿಗೆ ಹೋಗಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವವರಿಗೆ ಮೆಲುದನಿಯಲ್ಲಿ ವ್ಯಾಕರಣ ಹೇಳಿಕೊಡುತ್ತೇನೆ. ಅವರಿಗೆ ಬೇಕಾಗಿರುವುದು ಸಂಧಿಯಲ್ಲ, ಸಂಧಿಯ ಅಂಕ. ಅದರ ಬಗ್ಗೆ ನನಗೆ ಭ್ರಮೆಯಿಲ್ಲ. ನನಗೂ ಬೇಕಾಗಿರುವುದು ತರಗತಿಗಿಂತ ಹೆಚ್ಚಾಗಿ ಅಲ್ಲಿಗೆ ಹೋಗುವ ದಾರಿ. ಹತ್ತಿಯ ಹೊಲಗಳ ನಡುವೆ ಭೀಮೆಯ ಸೇತುವೆಯವರೆಗೆ ಒಬ್ಬಳೇ ಹೋಗುವಾಗ ಯಾರ ವಾಕ್ಯವನ್ನೂ ತಿದ್ದಬೇಕಾಗಿಲ್ಲ, ಯಾರ ಚಹಾಕ್ಕೂ ಸಕ್ಕರೆ ಹಾಕಬೇಕಾಗಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ಏಕಾಂತ ನನಗೆ ಬೇರೆಲ್ಲೂ ದೊರೆತಿರಲಿಲ್ಲ.

ಈ ಏಕಾಂತಕ್ಕೇ ಕುತ್ತು ಬಂದಿತ್ತು. ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕಾರು ಓಡಿಸಲು ಬಾರದು. ನನ್ನ ರಟ್ಟೆಯ ಸುದ್ದಿಯನ್ನು ಅವರು ಕಚೇರಿಗೆ ಮುಟ್ಟಿಸಿದ್ದರಿಂದ, ಅಲ್ಲಿಯ ಸಹೋದ್ಯೋಗಿಯೊಬ್ಬರು ಕಾರನ್ನು ತಾವು ಕೊಳ್ಳುವುದಾಗಿ ಮುಂದೆ ಬಂದರು.

"ಈ ಐತವಾರ ಬಿಟ್ಟು ಮುಂದಿನ ಐತವಾರ ನೋಡಾಕ ಬರ್ತಾರ" ಎಂದರು ಯಜಮಾನರು. "ನಿನಗ ತ್ರಾಸ ಆಗಬಾರದಂತ ಹೇಳೇನಿ. ಯಾದಗಿರಿಗಿ ಬಸ್ ಅವಲ್ಲ."

ಬಸ್ಸುಗಳಿರುವುದು ನಿಜ. ಅವುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿರುವುದೂ, ಅವರೆಲ್ಲ ಎದ್ದು ನಿಂತು ಮಾತನಾಡಿಸುವುದೂ ನಿಜ.

ಭಾನುವಾರದೊಳಗೆ ತಪ್ಪು ತೋಳಿನದಲ್ಲ, ಗಾಡಿಯದು ಎಂದು ತೋರಿಸಬೇಕಾಗಿತ್ತು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಸ್ಟೇರಿಂಗನ್ನು ಹಗುರ ಮಾಡುವುದು ಒಂದು ಎಣ್ಣೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಸಣ್ಣ ಪಂಪು ಅದನ್ನು ಒತ್ತಡದಿಂದ ತಳ್ಳುತ್ತದೆ, ತಿರುಗಿಸುವ ಶ್ರಮದ ಹೆಚ್ಚಿನ ಪಾಲನ್ನು ಆ ಒತ್ತಡವೇ ಹೊರುತ್ತದೆ. ಎಣ್ಣೆ ಇರುವುದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದರ ಮುಚ್ಚಳಕ್ಕೇ ಅಂಟಿಕೊಂಡಿರುವ ಅಳತೆ ಕಡ್ಡಿಯನ್ನು ಒರೆಸಿ, ಅದ್ದಿ, ತೆಗೆದೆ. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಡಬ್ಬಿಯ ತಳದಲ್ಲಿ ಕಪ್ಪಾದ, ನೊರೆಗಟ್ಟಿದ ದ್ರವ ಸ್ವಲ್ಪವಿತ್ತು. ಪಂಪು ಎಣ್ಣೆಯ ಬದಲು ಗಾಳಿ ನುಂಗಿ ನರಳುತ್ತಿತ್ತು.

ಸುರಪುರದ ರಸ್ತೆಯಲ್ಲಿ ಒಂದು ಗ್ಯಾರೇಜಿದೆ. ಅದರ ಮಾಲೀಕರು ಕೆಲಸ ಕಲಿತದ್ದು ಹೈದರಾಬಾದಿನಲ್ಲಿ. ಹೈದರಾಬಾದಿನ ಬಗ್ಗೆ ಹೇಳದೆ ಅವರು ಒಂದು ನಟ್ಟನ್ನೂ ಬಿಚ್ಚುವುದಿಲ್ಲ. ಅವರು ಡಬ್ಬಿಯೊಳಗೆ ಇಣುಕಿ, ಎಣ್ಣೆ ತುಂಬಿಸಿದರು. ಮುಚ್ಚಳದ ಮೇಲೆ ಬರೆದಿರುವ ಜಾತಿಯ ಎಣ್ಣೆಯೇ ಆಗಬೇಕೆಂದು ನಾನು ಹಟ ಹಿಡಿದೆ. ಕಣ್ಣಿಗೆ ಒಂದೇ ಥರ ಕಾಣುತ್ತದೆಂದು ಬ್ರೇಕಿನ ಎಣ್ಣೆಯನ್ನು ಅದಕ್ಕೆ ಸುರಿದರೆ ಒಳಗಿನ ರಬ್ಬರೆಲ್ಲ ಕೆಟ್ಟುಹೋಗುತ್ತದೆ.

"ಟೀಚರ್ರಿ, ನಮಗೂ ಓದಾಕ ಬರ್ತದ" ಎಂದರು ಅವರು, ನೋವಿನಿಂದ.

ಶನಿವಾರದ ತರಗತಿಗೆ ಹೂವು ಎತ್ತಿದಷ್ಟು ಹಗುರಾಗಿ ಹೋಗಿಬಂದೆ. ಸೋಮವಾರ ಮತ್ತೆ ಬೀಸುವ ಕಲ್ಲು. ಡಬ್ಬಿ ಮತ್ತೆ ಖಾಲಿ.

"ನಿಮ್ಮ ಗಾಡಿ ಎಣ್ಣಿ ಕುಡಿಯಾಕತ್ತದರಿ" ಎಂದರು ಗ್ಯಾರೇಜಿನವರು, ಇನ್ನೊಂದು ಬಾಟಲಿಯ ಮುಚ್ಚಳ ತಿರುಗಿಸುತ್ತ. "ವಯಸ್ಸಾದ ಗಾಡಿ ಕುಡಿತಾವು. ಒಂದು ಬಾಟಲಿ ಡಿಕ್ಕ್ಯಾಗ ಇಟ್ಕೊಂಡು ತಿರಗ್ರಿ, ಫಿಕರ್ ಮಾಡಬ್ಯಾಡ್ರಿ."

ಇಲ್ಲಿ ನನ್ನೊಳಗಿನ ಹಳೆಯ ವೃತ್ತಿ ಎಚ್ಚರಗೊಂಡಿತು. ನಮ್ಮ ಭಾಗದಲ್ಲಿ ವಾಹನಗಳೆಲ್ಲ ಕುಡಿಯುತ್ತವೆ: ಟ್ರ್ಯಾಕ್ಟರು ಡೀಸೆಲ್ ಕುಡಿಯುತ್ತದೆ, ಮೋಟಾರು ಕರೆಂಟು ಕುಡಿಯುತ್ತದೆ. ಅಲ್ಲಿಯವರೆಗೆ ನನ್ನ ಆಕ್ಷೇಪಣೆಯಿಲ್ಲ; ಅವು ಕುಡಿದದ್ದು ಉರಿದೋ ಖರ್ಚಾಗಿಯೋ ಹೋಗುತ್ತದೆ. ಸ್ಟೇರಿಂಗಿನ ಎಣ್ಣೆ ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಹೋಗಿ ಹೋಗಿ ಅದೇ ಡಬ್ಬಿಗೆ ಹಿಂದಿರುಗುತ್ತದೆ. ಡಬ್ಬಿ ಖಾಲಿಯಾಯಿತೆಂದರೆ ಎಲ್ಲಿಂದಲೋ ಹೊರಬಿದ್ದಿದೆ ಎಂದೇ ಅರ್ಥ. 'ಕುಡಿ' ಸಕರ್ಮಕ ಧಾತು. ಗಾಡಿಯನ್ನು ಕರ್ತೃವಾಗಿಸಿ, ಅದಕ್ಕೊಂದು ಚಟ ಅಂಟಿಸಿ, ನಮ್ಮನ್ನು ಹುಡುಕಾಟದಿಂದ ಪಾರುಮಾಡುತ್ತದೆ. 'ಸೋರು' ಅಕರ್ಮಕ, ಯಾರನ್ನೂ ದೂರುವುದಿಲ್ಲ, ಆದರೆ ಎಲ್ಲಿ ಎಂದು ಕೇಳುತ್ತದೆ.

ಇದನ್ನೆಲ್ಲ ಗ್ಯಾರೇಜಿನಲ್ಲಿ ವಿವರಿಸಿದೆ. ಅವರು ಕೊನೆಯವರೆಗೆ ಕೇಳಿದರು.

"ಹೌದ್ರಿ. ಸೋರಿದ್ರ ಹನಿ ಎಲ್ಲಿ ಅದ?" ಎಂದರು.

ಆ ರಾತ್ರಿ ಕಾರಿನ ಕೆಳಗೆ ಬಿಳಿಯ ರಟ್ಟು ಹಾಸಿದೆ. ಬೆಳಿಗ್ಗೆ ರಟ್ಟಿನ ಮೇಲೆ ಬೆಕ್ಕಿನ ಹೆಜ್ಜೆಗಳಿದ್ದವು, ಒಂದು ಒಣಗಿದ ಬೇವಿನೆಲೆ ಇತ್ತು. ಹನಿ ಇರಲಿಲ್ಲ. ಟಾರ್ಚು ಹಿಡಿದು ಪಂಪು ನೋಡಿದೆ, ಕೊಳವೆಗಳ ಬೆಸುಗೆ ನೋಡಿದೆ, ಎಲ್ಲ ಕೊಂಡಿಗಳನ್ನೂ ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಧೂಳು ಬಂತು. ನನ್ನ ಕ್ರಿಯಾಪದ ನಿರ್ದುಷ್ಟವಾಗಿತ್ತು. ಅದಕ್ಕೆ ಆಧಾರ ಮಾತ್ರ ಇರಲಿಲ್ಲ. ಗ್ಯಾರೇಜಿನವರ ಕ್ರಿಯಾಪದ ಅಸಂಬದ್ಧವಾಗಿತ್ತು. ಸಾಕ್ಷ್ಯವೆಲ್ಲ ಅವರ ಪರವಾಗಿತ್ತು.

ಶುಕ್ರವಾರ ಮತ್ತೆ ಗ್ಯಾರೇಜಿಗೆ ಹೊರಟಾಗ ಯಜಮಾನರು ರಜೆ ಹಾಕಿ ಜೊತೆಗೆ ಬಂದರು. ಗಾಡಿ ಇನ್ನು ನಡೆಯುವುದಿಲ್ಲವೆಂದು ಗ್ಯಾರೇಜಿನವರ ಬಾಯಿಂದಲೇ ನಾನು ಕೇಳಬೇಕೆಂಬುದು ಅವರ ಆಸೆ. ಅಲ್ಲಿ ಗ್ಯಾರೇಜಿನವರೂ ನಾನೂ ವಾದ ಮುಂದುವರಿಸಿದೆವು. ಕುಡಿಯುತ್ತದೆ ಎಂದರು ಅವರು. ಸೋರುತ್ತದೆ ಎಂದೆ ನಾನು. ಹೈದರಾಬಾದಿನಲ್ಲಿ ಇಂಥ ಗಾಡಿಗಳನ್ನು ಬಹಳ ನೋಡಿದ್ದೇನೆ ಎಂದರು. ಹೈದರಾಬಾದಿನಲ್ಲೂ ಆ ಧಾತುವಿನ ಅರ್ಥ ಇದೇ ಎಂದೆ. ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಯಜಮಾನರಿಗೆ ಬೇಸರ ಬಂತು.

"ಏ, ಸಾಕು ಮಾಡ್ರಿ ಇಬ್ರೂ" ಎಂದರು. "ಆಕಿ ಹೇಳಾದು ಸೋರತದ ಅಂತ, ನೆಲದ ಮ್ಯಾಲ ಹನಿ ಇಲ್ಲ. ನೀವು ಹೇಳಾದು ಕುಡಿತದ ಅಂತ. ಕುಡಿದದ್ದು ಖರೇ ಇದ್ರ ಹೊಟ್ಟ್ಯಾಗ ಇರಬೇಕಲ್ರೀ. ಅದರ ಹೊಟ್ಟಿ ಎಲ್ಲಿ ಅದ ನೋಡಿ ಬಿಡ್ರಿ ಒಮ್ಮಿ, ಅಂದ್ರ ನಾವು ಮನಿಗಿ ಹೋಗತೀವಿ."

ಇದು ಶುದ್ಧ ಕುಚೋದ್ಯ. ಗ್ಯಾರೇಜಿನವರೂ ನಕ್ಕರು. ಆದರೆ ನಗುತ್ತಲೇ ಅವರ ಮುಖ ಸ್ವಲ್ಪ ಬದಲಾಯಿತು. ಗಾಡಿಯ ಮುಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡು ಕೊಟ್ಟು, ಕೆಳಗೆ ನುಸುಳಿದರು. ಸ್ಟೇರಿಂಗಿನ ಅಡ್ಡ ರಾಡಿನ ಎರಡು ತುದಿಗೂ ಧೂಳು ಹೊಗದಂತೆ ಮಡಿಕೆ ಮಡಿಕೆಯ ರಬ್ಬರ್ ಚೀಲ ತೊಡಿಸಿರುತ್ತಾರೆ. ಗ್ಯಾರೇಜಿನ ಭಾಷೆಯಲ್ಲಿ ಅದು ಬೂಟು.

"ಬಲಗಡೆ ಬೂಟು ಉಬ್ಬ್ಯಾದ" ಎಂಬ ದನಿ ಕೇಳಿತು. "ಗುಬುಗುಬು ಅನ್ನಾಕತ್ತದ. ಒಂದು ಖಾಲಿ ಡಬ್ಬಿ ತರ್ರಿ."

ಡಬ್ಬಿ ಹಿಡಿದು ಬೂಟಿನ ಕ್ಲಿಪ್ ಸಡಿಲಿಸಿದಾಗ, ನಾವು ಸುರಿದ ಎಣ್ಣೆಯೆಲ್ಲ ಬಸಬಸನೆ ಇಳಿಯಿತು. ರಾಡಿನೊಳಗೆ ಎಣ್ಣೆಯನ್ನು ತಡೆದು ಹಿಡಿಯುವ ಸೀಲು ಸವೆದು ಎಣ್ಣೆ ಹೊರಬರುತ್ತಿತ್ತು. ಹೊರಬಂದದ್ದು ನೆಲಕ್ಕೆ ಬೀಳದೆ ಬೂಟಿನೊಳಗೆ ತುಂಬಿಕೊಳ್ಳುತ್ತಿತ್ತು. ಸೋರಿದ್ದೂ ನಿಜ, ಹೊಟ್ಟೆ ಸೇರಿದ್ದೂ ನಿಜ. ಎರಡೂ ಧಾತುಗಳನ್ನು ಒಂದೇ ವಾಕ್ಯದಲ್ಲಿ ಬಳಸಬಹುದಾದ ಸಂದರ್ಭ ಅದು, ಮತ್ತು ಆ ವಾಕ್ಯವನ್ನು ರಚಿಸಿದವರು ಜೀವಮಾನದಲ್ಲಿ ಸ್ಟೇರಿಂಗ್ ಮುಟ್ಟದ ನಮ್ಮ ಯಜಮಾನರು.

"ನಾ ಹೇಳಿದ್ನಲ್ರೀ, ಕುಡಿತದ ಅಂತ" ಎಂದರು ಗ್ಯಾರೇಜಿನವರು, ಹೊರಬಂದು ಕೈ ಒರೆಸಿಕೊಳ್ಳುತ್ತ.

"ನಾ ಹೇಳಿದ್ದೆ, ಸೋರತದ ಅಂತ" ಎಂದೆ ನಾನು.

ಯಜಮಾನರು ಇನ್ನೊಂದು ಚಹಾ ತರಿಸಿದರು.

ರಾಡು ಬಿಚ್ಚಿ ಹೊಸ ಸೀಲು ಹಾಕಿದರು. ಹಳೆಯ ಕರಿ ಎಣ್ಣೆಯನ್ನು ಪೂರ್ತಿ ಬಸಿದು, ಹೊಸದನ್ನು ತುಂಬಿದರು. ಕೊಳವೆಗಳೊಳಗಿನ ಗಾಳಿ ತೆಗೆಯುವುದೊಂದೇ ಉಳಿಯಿತು. ಅದಕ್ಕೆ ಒಬ್ಬರು ಸ್ಟೇರಿಂಗ್ ಮುಂದೆ ಕುಳಿತುಕೊಳ್ಳಬೇಕು. ಗಾಲಿಗಳು ಇನ್ನೂ ಮೇಲೆಯೇ ಇದ್ದವು. ನಾನು ಹತ್ತಿ ಕುಳಿತೆ.

"ಎಂಜಿನ್ ಬಂದ್ ಇರ್ಲಿ. ಈ ಮೂಲಿಯಿಂದ ಆ ಮೂಲಿಗಿ ಸಾವಕಾಶ ತಿರುವ್ರಿ. ಮುಂದ ಎಂಜಿನ್ ಚಾಲೂ ಮಾಡಿದಾಗ ಮೂಲಿಗಿ ಹೋದ ಮ್ಯಾಲ ಬಿಗಿ ಹಿಡಿದು ನಿಲ್ಲಬ್ಯಾಡ್ರಿ, ಪಂಪಿನ ಮ್ಯಾಲ ಜೋರ್ ಬೀಳ್ತದ."

ತಿರುಗಿಸಿದೆ. ಅವರು ಡಬ್ಬಿಯೊಳಗೆ ನೋಡುತ್ತ ಗುಳ್ಳೆಗಳು ಏಳುವುದನ್ನು ಹೇಳುತ್ತಿದ್ದರು, ಎಣ್ಣೆ ಇಳಿದಷ್ಟೂ ತುಂಬುತ್ತಿದ್ದರು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿಸಿ ಮತ್ತೆ ಅದನ್ನೇ ಮಾಡಿಸಿದರು. ನರಳಾಟ ನಿಂತಿತ್ತು. ಕಿರುಬೆರಳಿಗೆ ಸ್ಟೇರಿಂಗ್ ತಿರುಗಿತು. ನನ್ನ ತೋಳು ನಿರ್ದೋಷಿಯೆಂದು ಸಾಬೀತಾದ ಕ್ಷಣ ಅದು. ಅದನ್ನು ನೋಡಬೇಕಾದವರು ಗ್ಯಾರೇಜಿನವರ ಪಕ್ಕದಲ್ಲಿ ಬಾಗಿ, ಡಬ್ಬಿಯೊಳಗಿನ ಗುಳ್ಳೆ ನೋಡುವುದರಲ್ಲಿ ಮಗ್ನರಾಗಿದ್ದರು.

ಭಾನುವಾರ ಕಚೇರಿಯ ಸಹೋದ್ಯೋಗಿ ಬಂದರು. ಕಾರನ್ನು ಮಲಗಿದ ಬುದ್ಧನ ಗುಡ್ಡದ ಕಡೆಗೆ ಒಂದು ಸುತ್ತು ಓಡಿಸಿಕೊಂಡು ಬಂದು, ಕೀಲಿಯನ್ನು ಯಜಮಾನರ ಕೈಗೆ ಕೊಟ್ಟರು. ಕಾರು ಯಾರ ಹೆಸರಿನಲ್ಲಿದ್ದರೂ ಕೀಲಿ ಗಂಡಸಿನ ಕೈಗೆ ಹೋಗುವುದು ನಮ್ಮಲ್ಲಿಯ ಕ್ರಮ.

"ಬೆಣ್ಣಿ ಆಗ್ಯಾದರಿ" ಎಂದರು.

"ಮಾರಾಕ ಇಲ್ರಿ" ಎಂದೆ ನಾನು.

"ಯಾಕ್ರಿ ಅಕ್ಕೋರ? ಸ್ಟೇರಿಂಗ್ ಬಿಗಿ ಅದ, ನಿಮಗ ಆಗವಲ್ದು ಅಂತ ಸರ್ ಹೇಳಿದ್ರು."

"ಬಿಗಿ ಇತ್ತರಿ. ಈಗ ಇಲ್ಲ."

"ಇಲ್ಲ ಅಂತನ ತಗೋಬೇಕು ಅನ್ನಾಕತ್ತೇನ್ರಿ."

ಕೆಟ್ಟಾಗ ಕೆಟ್ಟಿದೆಯೆಂದು ಮಾರಬೇಕು, ರಿಪೇರಿಯಾದಾಗ ರಿಪೇರಿಯಾಗಿದೆಯೆಂದು ಮಾರಬೇಕು. ಹೆಂಗಸಿನ ಕಾರಿಗೆ ಮಾರಾಟಯೋಗ್ಯವಲ್ಲದ ಸ್ಥಿತಿಯೇ ಇದ್ದಂತಿಲ್ಲ. ಯಜಮಾನರ ಕಡೆ ನೋಡಿದೆ. ಅವರು ಕೀಲಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸುತ್ತಿದ್ದರು.

"ಇರ್ಲಿ ಬಿಡ್ರಿ" ಎಂದರು ಸಹೋದ್ಯೋಗಿಗೆ. "ಈ ಗಾಡಿದು ಒಂದು ಕತಿ ಅದ. ಹೊಟ್ಟಿ ಎಲ್ಲಿ ಅದ ಅಂತ ಗ್ಯಾರೇಜಿನವಗೂ ಗೊತ್ತಾಗಿದ್ದಿಲ್ಲ. ನಾ ಹೇಳಿದೆ." ಆಮೇಲೆ ಬಹಳ ಹೊತ್ತು ಆ ಕತೆ ನಡೆಯಿತು. ಅದರಲ್ಲಿ ರಟ್ಟು ಇರಲಿಲ್ಲ, ಧಾತುಗಳಿರಲಿಲ್ಲ, ನಾನೂ ಇರಲಿಲ್ಲ. ಆದರೆ ಇಂಥದೊಂದು ಪರಾಕ್ರಮಕ್ಕೆ ಕಾರಣವಾದ ಗಾಡಿಯನ್ನು ಯಾರೂ ಮಾರುವುದಿಲ್ಲವೆಂಬುದು ಕತೆಯ ಅರ್ಧಕ್ಕೇ ಸಹೋದ್ಯೋಗಿಗೂ ತಿಳಿಯಿತು. ಚಹಾ ಮುಗಿಸಿ ಎದ್ದರು.

ಮಂಗಳವಾರ ಮಧ್ಯಾಹ್ನ ಕೀಲಿ ಕೇಳಿದೆ. ಯಜಮಾನರು ಅಂಗಿ ಬದಲಿಸಿ ನಿಂತಿದ್ದರು. ಅರ್ಧ ದಿನದ ರಜೆ ಹಾಕಿದ್ದಾರಂತೆ.

"ಹೊಸಾ ಸೀಲು. ಎಣ್ಣಿ ನೋಡಾಕ ಜೊತಿಗಿ ಒಬ್ರು ಬೇಕು" ಎಂದು ಹೇಳಿ, ಎಡಗಡೆಯ ಸೀಟಿನಲ್ಲಿ ಕುಳಿತು ಬೆಲ್ಟು ಬಿಗಿದುಕೊಂಡರು. ಶನಿವಾರವೂ ಬರುವುದಾಗಿ ದಾರಿಯಲ್ಲಿ ತಿಳಿಸಿದರು. ಹತ್ತಿಯ ಹೊಲಗಳುದ್ದಕ್ಕೂ ಅವರು ಮಾತನಾಡಿದರು. ಮೂರು ವಾಕ್ಯಗಳಲ್ಲಿ ಲಿಂಗ ತಪ್ಪಿತ್ತು, ತಿದ್ದಿದೆ. ಸೇತುವೆಗೆ ಮೊದಲು ರಸ್ತೆಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಲು ಹೇಳಿ, ಇಳಿದುಹೋಗಿ, ಬಾನೆಟ್ ಎತ್ತಿ, ಕಡ್ಡಿ ತೆಗೆದು ನೋಡಿ, "ಬರೋಬರಿ ಅದ" ಎಂದರು.

ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಅಳತೆ ಸರಿಯಾಗಿ ತಿಳಿಯುವುದಿಲ್ಲ. ಹೇಳಬಹುದಾಗಿತ್ತು. ತರಗತಿಗೆ ತಡವಾಗುತ್ತಿತ್ತು, ಎಂಜಿನ್ ಚಾಲೂ ಮಾಡಿದೆ.